ಸತ್ತ ದನವಾಗಲಿ, ಪುಡಿ ಇರುವ ಲಕೋಟೆಯಾಗಲಿ, ಬಿಚ್ಚಬೇಡಿ: ಆಂಥ್ರಾಕ್ಸ್ ಅನುಮಾನ ಬಂದಾಗ ಮಾಡಬೇಕಾದದ್ದು

ಬೆಳಿಗ್ಗೆ ಚೆನ್ನಾಗಿಯೇ ಮೇಯುತ್ತಿದ್ದ ದನ ಸಂಜೆಗೆ ಸತ್ತು ಬಿದ್ದಿದೆ. ಜ್ವರ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ, ಮೇವು ಬಿಟ್ಟದ್ದೂ ಗೊತ್ತಾಗಲಿಲ್ಲ. ಮೂಗು, ಬಾಯಿ, ಗುದದಿಂದ ಕಪ್ಪಗಿನ ರಕ್ತ ಜಿನುಗುತ್ತಿದೆ, ಅದು ಹೆಪ್ಪುಗಟ್ಟುತ್ತಿಲ್ಲ. ಹೊಟ್ಟೆ ಬೇಗ ಉಬ್ಬಿಕೊಂಡಿದೆ. ಸತ್ತು ಇಷ್ಟು ಹೊತ್ತಾದರೂ ಕಾಲುಗಳು ಸರಿಯಾಗಿ ಸೆಟೆದುಕೊಂಡಿಲ್ಲ. ಇಂಥದ್ದು ಕಣ್ಣಿಗೆ ಬಿದ್ದರೆ ದಯವಿಟ್ಟು ಚಾಕು ಹಿಡಿಯಬೇಡಿ.

ಇನ್ನೊಂದು ಸಂದರ್ಭ. ಅಂಚೆಯಲ್ಲಿ ಒಂದು ಲಕೋಟೆ ಬಂದಿದೆ. ಯಾರು ಕಳಿಸಿದ್ದೋ ಗೊತ್ತಿಲ್ಲ. ಅಂಚಿನಿಂದ ಪುಡಿ ಉದುರುತ್ತಿದೆ, ಜೊತೆಗೆ ಬೆದರಿಕೆಯ ಮಾತು ಬರೆದಿದೆ. ಅದನ್ನೂ ಬಿಚ್ಚಬೇಡಿ.

ಒಂದು ಕೊಟ್ಟಿಗೆಯ ಮಾತು, ಇನ್ನೊಂದು ಕಚೇರಿಯ ಮಾತು, ಎರಡಕ್ಕೂ ಏನು ಸಂಬಂಧ ಅನ್ನಿಸಬಹುದು. ಎರಡೂ ಕಡೆ ಇರಬಹುದಾದ ಶತ್ರು ಒಂದೇ, ಅದರ ಸ್ವಭಾವವೂ ಒಂದೇ. ಆ ಸ್ವಭಾವ ಅರ್ಥವಾದರೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಬಾಯಿಪಾಠ ಮಾಡಬೇಕಾಗಿಲ್ಲ, ತಾನಾಗಿಯೇ ಹೊಳೆಯುತ್ತದೆ. ಅದಕ್ಕೇ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಸ್ಪೋರ್ ಅಂದರೆ ಏನು

ಆಂಥ್ರಾಕ್ಸ್‌ಗೆ ಕನ್ನಡದಲ್ಲಿ ನೆರಡಿ ರೋಗ ಅನ್ನುತ್ತಾರೆ. ಬರುವುದು ಬ್ಯಾಸಿಲಸ್ ಆಂಥ್ರಾಸಿಸ್ ಅನ್ನುವ ಕಡ್ಡಿಯಾಕಾರದ ಬ್ಯಾಕ್ಟೀರಿಯಾದಿಂದ. ಗ್ರೀಕ್ ಭಾಷೆಯಲ್ಲಿ ಕಲ್ಲಿದ್ದಲಿಗೆ ಇರುವ ಪದದಿಂದ ಈ ಹೆಸರು ಬಂತು, ಯಾಕೆಂದರೆ ಚರ್ಮಕ್ಕೆ ಈ ರೋಗ ತಗುಲಿದಾಗ ಇದ್ದಿಲಿನಂಥ ಕಪ್ಪು ಹಕ್ಕಳೆ ಕಟ್ಟುತ್ತದೆ.

ಪ್ರಾಣಿಯ ಮೈಯೊಳಗೆ ಈ ಬ್ಯಾಕ್ಟೀರಿಯಾ ಜೋರಾಗಿ ಬೆಳೆಯುತ್ತದೆ, ವಿಷ ಬಿಡುತ್ತದೆ, ಪ್ರಾಣಿಯನ್ನು ಕೊಲ್ಲುತ್ತದೆ. ಆದರೆ ಮೈಯಿಂದ ಹೊರಗೆ ಬಿದ್ದು ಗಾಳಿ ಸೋಕಿದ ಮೇಲೆ ಅದು ವೇಷ ಬದಲಿಸುತ್ತದೆ. ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಮಲಗಿಬಿಡುತ್ತದೆ. ಇದೇ ಸ್ಪೋರ್. ಅದಕ್ಕೆ ಊಟ ಬೇಡ, ನೀರು ಬೇಡ. ಬಿಸಿಲು, ಚಳಿ, ಬರ ಎಲ್ಲವನ್ನೂ ತಡೆದುಕೊಳ್ಳುತ್ತದೆ. ಮಣ್ಣಿನಲ್ಲಿ ದಶಕಗಳ ಕಾಲ ಸುಮ್ನೆ ಬಿದ್ದಿರುತ್ತದೆ. ಇನ್ನೊಂದು ದನ ಆ ಜಾಗದಲ್ಲಿ ಮೇಯ್ದಾಗ ಒಳಗೆ ಹೋಗಿ ಮತ್ತೆ ಎಚ್ಚರವಾಗುತ್ತದೆ. ಈ ಚಕ್ರವನ್ನು ಜರ್ಮನಿಯ ವೈದ್ಯ ರಾಬರ್ಟ್ ಕಾಖ್ 1876ರಲ್ಲಿ ತೋರಿಸಿಕೊಟ್ಟ. ಒಂದು ನಿರ್ದಿಷ್ಟ ಕಾಯಿಲೆಗೆ ಒಂದು ನಿರ್ದಿಷ್ಟ ಬ್ಯಾಕ್ಟೀರಿಯಾ ಕಾರಣ ಅನ್ನುವುದು ಗಟ್ಟಿಯಾಗಿ ಸಾಬೀತಾದ ಮೊದಮೊದಲ ಸಂದರ್ಭ ಅದು.

ಈಗ ಮುಖ್ಯವಾದ ವಿಷಯ. ಸತ್ತ ಪ್ರಾಣಿಯನ್ನು ಕೊಯ್ಯದೆ ಹಾಗೇ ಬಿಟ್ಟರೆ ಒಳಗೆ ಗಾಳಿ ಹೋಗುವುದಿಲ್ಲ. ಮೈ ಕೊಳೆಯುತ್ತಾ ಬಂದಂತೆ ಒಳಗಿರುವ ಬ್ಯಾಕ್ಟೀರಿಯಾ ಸ್ಪೋರ್ ಆಗುವ ಮೊದಲೇ ಕೆಲವೇ ದಿನಗಳಲ್ಲಿ ಸಾಯುತ್ತಾ ಹೋಗುತ್ತದೆ. ಕೊಯ್ದಿರೋ, ಅಷ್ಟೂ ರಕ್ತಕ್ಕೆ ಗಾಳಿ ತಗುಲಿತು. ಆ ನೆಲಕ್ಕೆ ನೀವೇ ರೋಗದ ಬೀಜ ಬಿತ್ತಿದ ಹಾಗೆ. ಮುಂದೆ ಹೇಳುವುದರಲ್ಲಿ ಮುಕ್ಕಾಲು ಭಾಗ ಈ ಒಂದು ಸತ್ಯದಿಂದಲೇ ಹುಟ್ಟಿದ್ದು.

ಪ್ರಾಣಿ ಸತ್ತು ಬಿದ್ದಾಗ

ಸುಲಿಯಬೇಡಿ, ಕೊಯ್ಯಬೇಡಿ, ಎಳೆದುಕೊಂಡು ಹೋಗಬೇಡಿ. ಎಳೆದ ದಾರಿಯುದ್ದಕ್ಕೂ ರಕ್ತ ಸುರಿಯುತ್ತದೆ. ಮಾಂಸ ಹಂಚಿಕೊಳ್ಳುವ ಯೋಚನೆಯನ್ನಂತೂ ಮಾಡಲೇಬೇಡಿ. ಚೆನ್ನಾಗಿ ಬೇಯಿಸಿದರೆ ಆಯಿತಲ್ವಾ ಅಂತ ಕೆಲವರು ಕೇಳುತ್ತಾರೆ. ಬೇಯಿಸುವ ಮೊದಲು ಅದನ್ನು ಕತ್ತರಿಸಿದವರು, ತೊಳೆದವರು, ಹೊತ್ತವರು ಇರುತ್ತಾರೆ. ರೋಗ ಮೊದಲು ಹಿಡಿಯುವುದು ಅವರ ಕೈಗೇ. ಸಾಕಿದ ದನ ಸತ್ತಾಗ ಆಗುವ ನಷ್ಟ ದೊಡ್ಡದು, ಮಾಂಸವೋ ಚರ್ಮವೋ ಸ್ವಲ್ಪವಾದರೂ ಕೈಗೆ ಬರಲಿ ಅನ್ನಿಸುವುದು ಸಹಜ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬೇಡ. 2023ರಲ್ಲಿ ಜಾಂಬಿಯಾ ದೇಶದಲ್ಲಿ ನೂರಾರು ಜನಕ್ಕೆ ಆಂಥ್ರಾಕ್ಸ್ ಶಂಕೆ ಬಂದಾಗ, ಸತ್ತ ಪ್ರಾಣಿಗಳ ಮಾಂಸ ಮುಟ್ಟಿದ್ದು, ತಿಂದದ್ದು ದೊಡ್ಡ ಕಾರಣವಾಗಿತ್ತು.

ಪಶುವೈದ್ಯರಿಗೆ ತಕ್ಷಣ ಫೋನ್ ಮಾಡಿ. ನೀವು ಕಂಡದ್ದನ್ನು ಹಾಗೇ ಹೇಳಿ: ಎಷ್ಟು ಹೊತ್ತಿನಲ್ಲಿ ಸತ್ತಿತು, ರಕ್ತ ಎಲ್ಲೆಲ್ಲಿಂದ ಬಂತು, ಹತ್ತಿರದಲ್ಲಿ ಬೇರೆ ಪ್ರಾಣಿಗಳು ಸತ್ತಿವೆಯಾ. ಅವರು ಬರುವವರೆಗೆ ನಾಯಿ, ಹದ್ದು, ನರಿ ಹತ್ತಿರ ಬರದ ಹಾಗೆ ಕಾಯಬೇಕು. ಅವು ಹರಿದರೂ ಚಾಕುವಿನಿಂದ ಕೊಯ್ದ ಹಾಗೆಯೇ ಆಗುತ್ತದೆ. ಒಂದು ಟಾರ್ಪಾಲು ಹೊದಿಸಿ, ದೂರದಲ್ಲಿ ನಿಂತು ಕಾಯಿರಿ. ಮಕ್ಕಳನ್ನು ದೂರ ಕಳಿಸಿ. ಉಳಿದ ದನಗಳನ್ನು ಆ ಜಾಗದಿಂದ, ಆ ನೀರಿನಿಂದ ಬೇರೆ ಕಡೆಗೆ ಹೊಡೆಯಿರಿ, ಆದರೆ ಮಾರಲು ಕಳಿಸಬೇಡಿ.

ಪಶುವೈದ್ಯರೂ ಇಲ್ಲಿ ಪೋಸ್ಟ್ ಮಾರ್ಟಮ್ ಮಾಡುವುದಿಲ್ಲ. ಕಿವಿಯ ರಕ್ತನಾಳದಿಂದಲೋ ಬೇರೆ ಕಡೆಯಿಂದಲೋ ಒಂದು ಹನಿ ರಕ್ತ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೀಲಿ ಕಡ್ಡಿಗಳ ಸುತ್ತ ಗುಲಾಬಿ ಹೊದಿಕೆ ಕಂಡರೆ ಅನುಮಾನ ಬಲವಾಗುತ್ತದೆ. ‘ಹೊಟ್ಟೆ ಕೊಯ್ದು ನೋಡಿ ಡಾಕ್ಟ್ರೇ’ ಅಂತ ಅವರ ಮೇಲೆ ಒತ್ತಾಯ ಹಾಕಬೇಡಿ. ಅವರು ಬೇಡ ಅಂದರೆ ಅದು ಸೋಮಾರಿತನ ಅಲ್ಲ.

ಕಳೇಬರಕ್ಕೆ ಒಳ್ಳೆಯ ದಾರಿ ಪೂರ್ತಿ ಸುಡುವುದು. ಅದು ಆಗದಿದ್ದರೆ ಕನಿಷ್ಠ 6 ಅಡಿ ಆಳಕ್ಕೆ ಹೂಳುವುದು, ಬಾವಿ ಕೆರೆಗಳಿಂದ ದೂರದಲ್ಲಿ. ರಕ್ತ ಬಿದ್ದ ಮಣ್ಣು, ಕೆಳಗೆ ಹಾಸಿದ್ದ ಹುಲ್ಲು ಎಲ್ಲವೂ ಅದರ ಜೊತೆಗೇ ಹೋಗಬೇಕು. ಇದನ್ನು ಪಶುವೈದ್ಯರ ಮೇಲ್ವಿಚಾರಣೆಯಲ್ಲೇ ಮಾಡಿ. ಗುಂಡಿಗೆ ಸುಣ್ಣ ಸುರಿಯುವ ರೂಢಿ ಬಹಳ ಕಡೆ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಆಂಥ್ರಾಕ್ಸ್ ವಿಷಯದಲ್ಲಿ ಸುಣ್ಣ ಬೇಡ ಅನ್ನುತ್ತದೆ, ಅದರ ಕ್ಯಾಲ್ಸಿಯಂ ಸ್ಪೋರ್‌ಗಳು ಉಳಿಯಲು ನೆರವಾಗಬಹುದು ಅನ್ನುವ ಕಾರಣಕ್ಕೆ. ಹೂತ ಜಾಗಕ್ಕೆ ಬೇಲಿ ಹಾಕಿ, ಗುರುತು ಇಡಿ, ಅಲ್ಲಿ ಮೇಯಿಸಬೇಡಿ, ಮುಂದೆಂದೂ ಅಗೆಯಬೇಡಿ.

ಮನುಷ್ಯರಿಗೆ ಬಂದರೆ ಹೇಗೆ ಗುರುತಿಸುವುದು

ಮನುಷ್ಯರಲ್ಲಿ ಕಾಣುವುದರಲ್ಲಿ ಸುಮಾರು ನೂರಕ್ಕೆ 95 ಪಾಲು ಚರ್ಮದ ಆಂಥ್ರಾಕ್ಸ್. ಗಾಯವೋ ತರಚೋ ಇರುವ ಕೈಗೆ ಸ್ಪೋರ್ ತಗುಲಿ, ಸಾಮಾನ್ಯವಾಗಿ ಒಂದು ವಾರದೊಳಗೆ ಸಣ್ಣ ಗುಳ್ಳೆ ಏಳುತ್ತದೆ. ನೋಡಲು ಸೊಳ್ಳೆ ಕಚ್ಚಿದ ಹಾಗೆ, ಕೆರೆತ ಇರುತ್ತದೆ. ಆಮೇಲೆ ಅದು ನೀರು ತುಂಬಿದ ಗುಳ್ಳೆಯಾಗಿ, ಒಡೆದು, ನಡುವೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಸುತ್ತ ಬಾವು ಜಾಸ್ತಿ. ಇಲ್ಲಿ ನೆನಪಿಡಬೇಕಾದದ್ದು ಒಂದೇ ಒಂದು: ಅದು ನೋಯುವುದಿಲ್ಲ. ಕುರು ಅಷ್ಟು ದೊಡ್ಡದಾಗಿ, ಅಷ್ಟು ಊದಿಕೊಂಡು ನೋವೇ ಇಲ್ಲ ಅಂದರೆ ಅದೇ ಎಚ್ಚರಿಕೆಯ ಗಂಟೆ. ನೋವಿಲ್ಲವಲ್ಲ ಅಂತ ಸುಮ್ಮನಾಗುವವರೇ ಜಾಸ್ತಿ, ಅಪಾಯ ಇರುವುದೂ ಅಲ್ಲೇ.

ಅದನ್ನು ಹಿಸುಕಬೇಡಿ, ಕೊಯ್ಯಿಸಬೇಡಿ. ಬಟ್ಟೆ ಸುತ್ತಿ ಆಸ್ಪತ್ರೆಗೆ ಹೋಗಿ. ಹೋದಾಗ ‘ಇಷ್ಟು ದಿನದ ಹಿಂದೆ ಸತ್ತ ದನ ಮುಟ್ಟಿದ್ದೆ’, ‘ಚರ್ಮದ ಕೆಲಸ ಮಾಡುತ್ತೇನೆ’, ‘ಉಣ್ಣೆ ವಿಂಗಡಿಸುತ್ತೇನೆ’ ಅಂತ ನೀವಾಗಿಯೇ ಹೇಳಿ. ಹೆಚ್ಚಿನ ವೈದ್ಯರು ತಮ್ಮ ಇಡೀ ವೃತ್ತಿಯಲ್ಲಿ ಒಂದೂ ಆಂಥ್ರಾಕ್ಸ್ ನೋಡಿರುವುದಿಲ್ಲ, ನೀವು ಹೇಳುವ ಈ ಒಂದು ಮಾತು ಅವರಿಗೆ ಹತ್ತು ಪರೀಕ್ಷೆಗಿಂತ ಮುಖ್ಯ. ಚಿಕಿತ್ಸೆ ಇಲ್ಲದಿದ್ದರೆ ಚರ್ಮದ ಆಂಥ್ರಾಕ್ಸ್ ಬಂದ ಐವರಲ್ಲಿ ಒಬ್ಬರು ಸಾಯಬಹುದು. ಸರಿಯಾದ ಆಂಟಿಬಯೋಟಿಕ್ ಸಿಕ್ಕರೆ ಸಾವು ತೀರಾ ಅಪರೂಪ. ಇನ್ನೊಂದು ಮಾತು, ಔಷಧಿ ಶುರು ಮಾಡಿದ ಮೇಲೂ ಆ ಗುಳ್ಳೆ ಕಪ್ಪಾಗಿಯೇ ಆಗುತ್ತದೆ. ಅದನ್ನು ನೋಡಿ ಔಷಧಿ ಕೆಲಸ ಮಾಡುತ್ತಿಲ್ಲ ಅಂದುಕೊಂಡು ನಿಲ್ಲಿಸಬೇಡಿ.

ರೋಗ ಇರುವ ಮಾಂಸ ತಿಂದವರಿಗೆ ಹೊಟ್ಟೆಯ ಆಂಥ್ರಾಕ್ಸ್ ಬರುತ್ತದೆ: ಜ್ವರ, ಹೊಟ್ಟೆನೋವು, ವಾಂತಿ, ರಕ್ತ ಬೆರೆತ ಭೇದಿ. ಕೆಲವರಿಗೆ ಗಂಟಲು, ಕತ್ತು ಊದಿಕೊಳ್ಳುತ್ತದೆ. ಇದಕ್ಕೆ ಕಾಯುವ ಮಾತೇ ಇಲ್ಲ, ನೇರವಾಗಿ ದೊಡ್ಡಾಸ್ಪತ್ರೆ.

ಎಲ್ಲಕ್ಕಿಂತ ಭಯಂಕರವಾದದ್ದು ಉಸಿರಿನ ಮೂಲಕ ಒಳಗೆ ಹೋಗುವ ಆಂಥ್ರಾಕ್ಸ್. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ಉಣ್ಣೆ ಕಾರ್ಮಿಕರು ಇದರಿಂದಲೇ ಸಾಯುತ್ತಿದ್ದರು, ಅಲ್ಲಿ ಇದಕ್ಕೆ ಉಣ್ಣೆ ವಿಂಗಡಿಸುವವರ ಕಾಯಿಲೆ ಅನ್ನುವ ಹೆಸರೇ ಇತ್ತು. ಶುರುವಾಗುವುದು ಫ್ಲೂ ಹಾಗೆ: ಜ್ವರ, ಮೈಕೈ ನೋವು, ಒಣಕೆಮ್ಮು, ಎದೆಯಲ್ಲಿ ಏನೋ ಒತ್ತಿದ ಹಾಗೆ. ಆದರೆ ನೆಗಡಿಯಲ್ಲಿ ಬರುವ ಹಾಗೆ ಮೂಗು ಸೋರುವುದು ಕಡಿಮೆ. ಕೆಲವರಿಗೆ ನಡುವೆ ಒಂದಿಷ್ಟು ಹೊತ್ತು ಸುಧಾರಿಸಿದ ಹಾಗೂ ಅನ್ನಿಸುತ್ತದೆ. ಆಮೇಲೆ ಒಮ್ಮೆಲೇ ಉಸಿರು ಕಟ್ಟುತ್ತದೆ, ಬೆವರು ಹರಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಈ ಎರಡನೇ ಹಂತಕ್ಕೆ ಹೋಗುವ ಮೊದಲೇ ಚಿಕಿತ್ಸೆ ಶುರುವಾದರೆ ಬದುಕುವ ಸಾಧ್ಯತೆ ಹೆಚ್ಚು. ಎದೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶಗಳ ನಡುವಿನ ಜಾಗ ಅಗಲವಾಗಿ ಕಾಣುವುದು ವೈದ್ಯರಿಗೆ ಸಿಗುವ ದೊಡ್ಡ ಸುಳಿವು.

ಸಮಾಧಾನದ ಸಂಗತಿ ಒಂದಿದೆ. ಇದು ಕೆಮ್ಮಿದರೆ, ಪಕ್ಕ ಕೂತರೆ ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆ ಅಲ್ಲ. ರೋಗಿಯನ್ನು ನೋಡಿಕೊಳ್ಳಲು ಹೆದರಬೇಡಿ. ಚರ್ಮದ ಗಾಯದ ದ್ರವವನ್ನು ಬರಿಗೈಯಲ್ಲಿ ಮುಟ್ಟದಿದ್ದರೆ ಸಾಕು.

ಅಸ್ತ್ರವಾಗಿ ಆಂಥ್ರಾಕ್ಸ್

ದಶಕಗಟ್ಟಲೆ ಸಾಯದೆ ಉಳಿಯುವ ಸ್ಪೋರ್ ಯುದ್ಧ ಮಾಡುವವರ ಕಣ್ಣಿಗೆ ಬೀಳದೇ ಇರಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಬ್ರಿಟನ್ ಸ್ಕಾಟ್ಲೆಂಡಿನ ಗ್ರೂನಾರ್ಡ್ ಅನ್ನುವ ಸಣ್ಣ ದ್ವೀಪದಲ್ಲಿ ಕುರಿಗಳ ಮೇಲೆ ಇದನ್ನು ಪರೀಕ್ಷಿಸಿತು. ಕುರಿಗಳು ಸತ್ತವು. ಪರೀಕ್ಷೆ ಮುಗಿಯಿತು, ಯುದ್ಧವೂ ಮುಗಿಯಿತು, ಆದರೆ ದ್ವೀಪ ಮಾತ್ರ ವಿಷವಾಗಿಯೇ ಉಳಿಯಿತು. 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡ್ ಅನ್ನು ಸಮುದ್ರದ ನೀರಿನಲ್ಲಿ ಬೆರೆಸಿ ನೆಲಕ್ಕೆಲ್ಲ ಹಾಯಿಸಿದರು. ಅಪಾಯ ಇಲ್ಲ ಅಂತ ಎಚ್ಚರಿಕೆಯ ಫಲಕ ತೆಗೆದದ್ದು 1990ರಲ್ಲಿ. ಲೆಕ್ಕ ಹಾಕಿ, 48 ವರ್ಷ! ಕೊಯ್ದ ಒಂದು ದನದ ರಕ್ತ ನೆಲಕ್ಕೆ ಬಿದ್ದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದು ಉತ್ಪ್ರೇಕ್ಷೆ ಅಲ್ಲ ಅನ್ನುವುದಕ್ಕೆ ನಾನು ಯಾವಾಗಲೂ ಈ ದ್ವೀಪವನ್ನೇ ತೋರಿಸುತ್ತೇನೆ.

1972ರಲ್ಲಿ ಜೈವಿಕ ಅಸ್ತ್ರಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಸಹಿ ಶುರುವಾಯಿತು, 1975ರಲ್ಲಿ ಅದು ಜಾರಿಗೆ ಬಂತು. ಸೋವಿಯತ್ ಒಕ್ಕೂಟವೂ ಸಹಿ ಹಾಕಿತ್ತು. ಆದರೆ 1979ರ ಏಪ್ರಿಲ್‌ನಲ್ಲಿ ಸ್ವೆರ್ಡ್‌ಲೋವ್ಸ್ಕ್ ನಗರದ ಒಂದು ಮಿಲಿಟರಿ ಕೇಂದ್ರದಿಂದ ಸ್ಪೋರ್‌ಗಳು ಗಾಳಿಗೆ ಸೋರಿದವು. ಕನಿಷ್ಠ 66 ಜನ ಸತ್ತರು. ಗಾಳಿ ಬೀಸಿದ ದಿಕ್ಕಿನಲ್ಲೇ, ಒಂದು ಉದ್ದನೆಯ ಪಟ್ಟಿಯ ಹಾಗೆ, ಮೊದಲು ಜನ, ಇನ್ನೂ ದೂರದ ಹಳ್ಳಿಗಳಲ್ಲಿ ಪ್ರಾಣಿಗಳು ಸತ್ತಿದ್ದವು. ಸರ್ಕಾರ ಮಾತ್ರ ಕೆಟ್ಟ ಮಾಂಸ ತಿಂದು ಸತ್ತರು ಅಂತ ವರ್ಷಗಟ್ಟಲೆ ಹೇಳಿತು. 1992ರಲ್ಲಿ ರಷ್ಯಾದ ಅಧ್ಯಕ್ಷ ಬೋರಿಸ್ ಯೆಲ್ಸಿನ್ ಇದಕ್ಕೆ ಮಿಲಿಟರಿಯೇ ಕಾರಣ ಅಂತ ಒಪ್ಪಿಕೊಂಡರು. ಆ ಹೊತ್ತಿನಲ್ಲಿ ನಿಜ ಹೇಳಿದ್ದರೆ ಎಷ್ಟು ಜನಕ್ಕೆ ಸರಿಯಾದ ಔಷಧಿ ಬೇಗ ಸಿಗುತ್ತಿತ್ತೋ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಹೆಚ್ಚು ಜನಕ್ಕೆ ನೆನಪಿರುವುದು 2001ರ ಅಮೆರಿಕದ ಪತ್ರಗಳು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಸುದ್ದಿ ಸಂಸ್ಥೆಗಳಿಗೆ, ಇಬ್ಬರು ಸೆನೆಟರ್‌ಗಳಿಗೆ ಸ್ಪೋರ್ ಇದ್ದ ಲಕೋಟೆಗಳು ಹೋದವು. 22 ಜನಕ್ಕೆ ರೋಗ ಬಂತು, ಐವರು ಸತ್ತರು. ಸತ್ತ ಐವರಿಗೂ ಬಂದದ್ದು ಉಸಿರಿನ ಆಂಥ್ರಾಕ್ಸ್. ಅವರಲ್ಲಿ ಇಬ್ಬರು ಅಂಚೆ ವಿಂಗಡಣೆ ಕೇಂದ್ರದ ನೌಕರರು, ಅವರು ಯಾವ ಪತ್ರವನ್ನೂ ಬಿಚ್ಚಿರಲಿಲ್ಲ. ಮುಚ್ಚಿದ ಲಕೋಟೆಯಿಂದ ಏನೂ ಆಗುವುದಿಲ್ಲ ಅಂತ ಆಗ ಅಧಿಕಾರಿಗಳೂ ಅಂದುಕೊಂಡಿದ್ದರು.

ಇದರ ಇನ್ನೊಂದು ಬದಿಯನ್ನೂ ಹೇಳಬೇಕು, ಇಲ್ಲದಿದ್ದರೆ ಬರೀ ಹೆದರಿಸಿದ ಹಾಗಾಗುತ್ತದೆ. ಪುಡಿ ಇರುವ ಬೆದರಿಕೆ ಪತ್ರಗಳಲ್ಲಿ ಬಹುಪಾಲು ಸುಳ್ಳು, ಹಿಟ್ಟೋ ಟಾಲ್ಕಮ್ ಪೌಡರೋ ಇರುತ್ತದೆ. ಸುಳ್ಳೋ ನಿಜವೋ ತೀರ್ಮಾನ ಮಾಡುವುದು ಪ್ರಯೋಗಾಲಯದ ಕೆಲಸ, ನಿಮ್ಮ ಮೂಗಿನ ಕೆಲಸ ಅಲ್ಲ.

ಅನುಮಾನದ ಲಕೋಟೆ ಕೈಯಲ್ಲಿದ್ದರೆ

ಅಲುಗಾಡಿಸಬೇಡಿ, ಮೂಸಬೇಡಿ, ಬೆಳಕಿಗೆ ಹಿಡಿದು ನೋಡಬೇಡಿ, ಫೋಟೋ ತೆಗೆಯಲು ಅಂತ ಇನ್ನೊಬ್ಬರ ಕೈಗೆ ಕೊಡಬೇಡಿ. ಎಲ್ಲಿದ್ದೀರೋ ಅಲ್ಲೇ ಮೆಲ್ಲಗೆ ಕೆಳಗಿಡಿ. ಪಕ್ಕದಲ್ಲೇ ಬಟ್ಟೆಯೋ ಕಾಗದವೋ ಕಸದ ಬುಟ್ಟಿಯೋ ಇದ್ದರೆ ಅದರ ಮೇಲೆ ನಿಧಾನವಾಗಿ ಮುಚ್ಚಿ. ಫ್ಯಾನ್, ಎಸಿ ಆಫ್ ಮಾಡಿ. ಚೆಲ್ಲಿದ ಪುಡಿಯನ್ನು ಗುಡಿಸಲು ಹೋಗಬೇಡಿ, ಊದಲಂತೂ ಹೋಗಬೇಡಿ. ಎಲ್ಲರೂ ಕೋಣೆಯಿಂದ ಹೊರಗೆ ಬಂದು ಬಾಗಿಲು ಹಾಕಿ, ಒಳಗೆ ಯಾರೂ ಹೋಗದಂತೆ ನೋಡಿಕೊಳ್ಳಿ.

ಆಮೇಲೆ ಕೈ ತೊಳೆಯಿರಿ, ಸೋಪು ನೀರಿನಲ್ಲಿ. ಸ್ಯಾನಿಟೈಸರ್ ಹಚ್ಚಿಕೊಂಡು ಆಯ್ತು ಅಂದುಕೊಳ್ಳಬೇಡಿ, ಆಲ್ಕೋಹಾಲ್‌ಗೆ ಸ್ಪೋರ್ ಸಾಯುವುದಿಲ್ಲ. ಸೋಪು ಕೂಡ ಕೊಲ್ಲುವುದಿಲ್ಲ ನಿಜ, ಆದರೆ ಮೈಯಿಂದ ತೊಳೆದು ಕಳಿಸುತ್ತದೆ, ಬೇಕಿರುವುದೂ ಅಷ್ಟೇ. ಮೈಮೇಲೆ ಬ್ಲೀಚ್ ಸುರಿದುಕೊಳ್ಳಬೇಡಿ. ಪುಡಿ ಬಿದ್ದ ಬಟ್ಟೆಯನ್ನು ಕೊಡವದೆ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಸೋಪು ಹಚ್ಚಿ ಸ್ನಾನ ಮಾಡಿ. ಆ ಚೀಲವನ್ನು ಪೊಲೀಸರಿಗೆ ಒಪ್ಪಿಸಿ.

ಪೊಲೀಸರಿಗೆ ಕೂಡಲೇ ಫೋನ್ ಮಾಡಿ. ಅವರು ಬರುವಷ್ಟರಲ್ಲಿ ಇನ್ನೊಂದು ಕೆಲಸ ಮುಗಿಸಿ: ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರ್‍ಯಾರು ಇದ್ದರು, ಲಕೋಟೆ ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಹೆಸರು, ಫೋನ್ ನಂಬರ್ ಸಮೇತ ಬರೆದಿಡಿ. ಪ್ರಯೋಗಾಲಯದ ಉತ್ತರ ಬಂದ ಮೇಲೆ ಯಾರಿಗೆ ಔಷಧಿ ಬೇಕು ಅಂತ ತೀರ್ಮಾನ ಆಗುವುದು ಈ ಪಟ್ಟಿಯ ಮೇಲೇ. ಎರಡು ದಿನ ಬಿಟ್ಟು ನೆನಪು ಮಾಡಿಕೊಂಡರೆ ಯಾರಾದರೂ ಒಬ್ಬರು ಬಿಟ್ಟುಹೋಗುತ್ತಾರೆ.

ಸೋಂಕಿರಬಹುದು ಅಂದಾಗ: 60 ದಿನದ ಮಾತು

ನಿಜವಾಗಿಯೂ ಸ್ಪೋರ್ ಉಸಿರಾಡಿರಬಹುದು ಅಂತ ಆರೋಗ್ಯ ಇಲಾಖೆ ಹೇಳಿದರೆ ಸಾಮಾನ್ಯವಾಗಿ ಸಿಪ್ರೊಫ್ಲಾಕ್ಸಾಸಿನ್ ಅಥವಾ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, 60 ದಿನ. ಲಸಿಕೆ ಸಿಗುವ ಕಡೆ ಅದನ್ನೂ ಜೊತೆಗೆ ಹಾಕುತ್ತಾರೆ. ಯಾಕೆ ಅಷ್ಟು ದಿನ? ಆಂಟಿಬಯೋಟಿಕ್ ಎಚ್ಚರವಾಗಿರುವ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುತ್ತದೆ, ಮಲಗಿರುವ ಸ್ಪೋರ್‌ಗೆ ಅದರಿಂದ ಏನೂ ಆಗುವುದಿಲ್ಲ. ಶ್ವಾಸಕೋಶದಲ್ಲಿ ಸೇರಿದ ಸ್ಪೋರ್ ವಾರಗಟ್ಟಲೆ ಬಿಟ್ಟು ಎಚ್ಚರವಾಗಬಹುದು, ಸ್ವೆರ್ಡ್‌ಲೋವ್ಸ್ಕ್‌ನಲ್ಲಿ ಸೋರಿಕೆಯಾಗಿ ಸುಮಾರು ಆರು ವಾರ ಕಳೆದ ಮೇಲೂ ಕಾಯಿಲೆ ಬಿದ್ದವರಿದ್ದರು. ಅದಕ್ಕೇ, ಹತ್ತನೇ ದಿನ ಚೆನ್ನಾಗಿದ್ದೇನೆ ಅಂತ ಮಾತ್ರೆ ನಿಲ್ಲಿಸಿದರೆ ಅದುವರೆಗೆ ನುಂಗಿದ್ದೂ ವ್ಯರ್ಥವಾಗಬಹುದು. ಮಾತ್ರೆಯಿಂದ ಹೊಟ್ಟೆ ಕೆಟ್ಟರೆ ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಿ, ನೀವಾಗಿಯೇ ಬಿಡಬೇಡಿ.

ಮೂಗಿನಿಂದ ಸ್ವಾಬ್ ತೆಗೆದು ಏನೂ ಇಲ್ಲ ಅಂದರೆ ಬಚಾವಾದೆ ಅಂದುಕೊಳ್ಳುವುದೂ ತಪ್ಪು. ಸ್ಪೋರ್ ಎಲ್ಲೆಲ್ಲಿ ಹರಡಿದೆ ಅಂತ ತನಿಖೆ ಮಾಡುವವರಿಗೆ ಅದು ಉಪಯೋಗ. ಒಬ್ಬ ವ್ಯಕ್ತಿಗೆ ಸೋಂಕಿಲ್ಲ ಅಂತ ಅದರಿಂದ ಹೇಳಲಾಗದು.

ಇದಕ್ಕೆ ವಿರುದ್ಧವಾಗಿ, ಎಲ್ಲೋ ದೂರದಲ್ಲಿ ಸುದ್ದಿ ಬಂತು ಅಂತ ಮೆಡಿಕಲ್ ಶಾಪ್‌ಗೆ ಓಡಿ ಆಂಟಿಬಯೋಟಿಕ್ ತಂದು ನುಂಗಬೇಡಿ. ನಿಮಗೆ ಪ್ರಯೋಜನ ಇಲ್ಲ, ಬೇಕಾದವರಿಗೆ ಸಿಗುವುದೂ ಇಲ್ಲ.

ದನಗಳಿಗೆ ಲಸಿಕೆ

ಕೊನೆಗೆ ಬಂದರೂ ಎಲ್ಲಕ್ಕಿಂತ ಹೆಚ್ಚು ಜೀವ ಉಳಿಸುವುದು ಇದೇ. 1881ರಲ್ಲಿ ಫ್ರಾನ್ಸಿನ ಪೂಯಿ ಲೆ ಫೋರ್ ಅನ್ನುವ ಹಳ್ಳಿಯಲ್ಲಿ ಲೂಯಿ ಪ್ಯಾಸ್ಚರ್ ಎಲ್ಲರ ಎದುರು ಪರೀಕ್ಷೆ ಮಾಡಿ ತೋರಿಸಿದ. ಲಸಿಕೆ ಹಾಕಿದ ಕುರಿಗಳು ನಿಂತಿದ್ದವು, ಹಾಕದ ಕುರಿಗಳು ಸತ್ತು ಬಿದ್ದಿದ್ದವು. ಈಗ ಹೆಚ್ಚಾಗಿ ಬಳಸುವುದು ದಕ್ಷಿಣ ಆಫ್ರಿಕಾದಲ್ಲಿ ಮ್ಯಾಕ್ಸ್ ಸ್ಟರ್ನ್ 1930ರ ದಶಕದಲ್ಲಿ ಕಂಡುಹಿಡಿದ ಲಸಿಕೆ. ರೋಗ ಕಾಣಿಸಿದ ಇತಿಹಾಸ ಇರುವ ಜಾಗದಲ್ಲಿ ವರ್ಷಕ್ಕೊಮ್ಮೆ, ರೋಗದ ಕಾಲ ಶುರುವಾಗುವ ಕೆಲವು ವಾರ ಮೊದಲೇ ಹಾಕಿಸಬೇಕು. ಒಣ ಕಾಲದ ನಂತರ ಜೋರು ಮಳೆ ಬಂದು ಮಣ್ಣು ಕಲಕಿದಾಗ, ಹುಲ್ಲು ತೀರಾ ಗಿಡ್ಡವಾಗಿ ದನ ಮಣ್ಣಿನ ಸಮೇತ ಕಚ್ಚಿ ಮೇಯುವಾಗ ಅಪಾಯ ಹೆಚ್ಚು. ಇದು ಜೀವಂತ ಲಸಿಕೆ, ಆದ್ದರಿಂದ ಅದೇ ದಿನಗಳಲ್ಲಿ ದನಕ್ಕೆ ಆಂಟಿಬಯೋಟಿಕ್ ಕೊಟ್ಟಿದ್ದರೆ ಲಸಿಕೆ ಹಿಡಿಯುವುದಿಲ್ಲ. ಪಶುವೈದ್ಯರಿಗೆ ಈ ವಿಷಯ ಮುಂಚೆಯೇ ತಿಳಿಸಿ.

ವರ್ಷಗಟ್ಟಲೆ ಒಂದೂ ದನ ಸಾಯದಿದ್ದರೆ ಇನ್ನು ಯಾಕೆ ಲಸಿಕೆ ಅನ್ನಿಸುತ್ತದೆ. ರಷ್ಯಾದ ಉತ್ತರ ತುದಿಯ ಯಮಾಲ್ ಪ್ರದೇಶದಲ್ಲಿ ಹಾಗೇ ಆಯಿತು. ದಶಕಗಳಿಂದ ರೋಗ ಕಂಡಿಲ್ಲ ಅಂತ 2007ರಲ್ಲಿ ಹಿಮಸಾರಂಗಗಳಿಗೆ ಲಸಿಕೆ ನಿಲ್ಲಿಸಿದರು. 2016ರ ಬೇಸಿಗೆಯಲ್ಲಿ ಎಂದೂ ಇಲ್ಲದ ಸೆಕೆ ಬಂತು, ಹೆಪ್ಪುಗಟ್ಟಿದ್ದ ನೆಲ ಕರಗಿತು, ಮಲಗಿದ್ದದ್ದು ಎದ್ದಿತು. 2,000ಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು. 12 ವರ್ಷದ ಒಬ್ಬ ಹುಡುಗನೂ ಸತ್ತ. ನಿಮ್ಮ ಹತ್ತಿರ ಎಲ್ಲಾದರೂ ಹಿಂದೆ ನೆರಡಿ ಬಂದು ದನ ಹೂತ ಜಾಗ ಇದ್ದರೆ, ಅದು ಎಲ್ಲಿ ಅಂತ ಹಿರಿಯರನ್ನು ಇವತ್ತೇ ಕೇಳಿ, ಬರೆದಿಡಿ, ಪಶುವೈದ್ಯರಿಗೆ ತೋರಿಸಿ.